ಟ್ರಂಕಿನಾಗಿನ ಕ್ಯಾಮೆರಾ, ಅವ್ವನ 22 ಸೆಕೆಂಡು

ಅಕ್ಕನ ಮಗಳು ಹಡದಾಳಲ್ಲ, ಕೂಸಿನ ತೊಟ್ಟಿಲಕ್ಕ ಹಾಕೂ ದಿನ ಹತ್ರ ಬಂತಂತ ನಾ ಕುಂದಗೋಳದಿಂದ ತವರಮನಿಗೆ ಹೋಗಿದ್ನಿ. ನವಲಗುಂದ ಸೀಮ್ಯಾಗಿನ ನಮ್ಮ ಮನಿ ನಿಮಗ ಗೊತ್ತಿದ್ದದ್ದ ಐತಿ. ಅಟ್ಟದ ಮ್ಯಾಲಿನ ಕಲಘಟಗಿ ತೊಟ್ಟಿಲ ಇಳಸೂ ಮುಂದ ಅದರ ಬಾಜೂಕಿದ್ದ ಕಬ್ಬಿಣದ ಟ್ರಂಕೂ ಇಳೀತು. ಮುಚ್ಚಳ ತಗದ್ರ ಡಾಂಬರ ಗುಳಗಿ ವಾಸನಿ, ಎರಡ ಕೌದಿ, ಅವ್ವಂದೊಂದು ಇಳಕಲ್ ಸೀರಿ. ಎಲ್ಲಾದಕ್ಕೂ ಬುಡಕ ಕುಬಸದ ಅರಿವ್ಯಾಗ ಸುತ್ತಿಟ್ಟ ಡಿಜಿಟಲ್ ಕ್ಯಾಮೆರಾ.

ತಮ್ಮ ಬೆಂಗಳೂರಾಗ ನೌಕರಿಗೆ ಸೇರಿದ ಹೊಸದಾಗಿ, 2007ರಾಗ, ತಂದಿದ್ದು ಅದು. ಅದನ್ನ ನೋಡಿದ ಕೂಡ್ಲೆ ನನಗ ಒಂದ ನೆನಪಾತು. 2008ರಾಗ ನನ್ನ ಮಗಳ ತೊಟ್ಟಿಲ ಕಾರ್ಯೆದಾಗ ಅವ್ವ ಜೋಗುಳ ಹಾಡೂ ಮುಂದ ತಮ್ಮ ಇದನ್ನ ಹಿಡಕೊಂಡು ಆಕಿ ಮುಂದ ಕುಂತಿದ್ದ. "ವಿಡಿಯೊ ಮಾಡೀನಿ ಅಕ್ಕಾ" ಅಂತನೂ ಅಂದಿದ್ದ. ಅವ್ವ 2013ರಾಗ ಹೋದ್ಲು. ಫೋಟೊ ಅದಾವು, ಗ್ವಾಡಿಗೂ ಹಾಕೇವಿ. ಆದ್ರ ಆಕಿ ದನಿ ಎಲ್ಲೂ ಇಲ್ಲ. ತಮ್ಮನ ಹಳೇ ಕಂಪ್ಯೂಟರ್ ಕೆಟ್ಟು ಗುಜರಿಗೆ ಹೋತು, ಕ್ಯಾಮೆರಾದ ಕಾರ್ಡು ಮನಿ ಬದಲಸೂ ಮುಂದ ಕಳೀತು. ಇದ್ರ ಇದರಾಗ ಇರಬೇಕು, ಇಲ್ಲಂದ್ರ ಇಲ್ಲ.

ತಮ್ಮನ ಮಗ ಲಗೂನ ಬಟನ್ ಒತ್ತಾಕ ಹೋದ. ನಾ ಕೈ ಹಿಡದ್ನಿ. ಹಗೇವು ತಗಿಯೂದನ್ನ ನೋಡಿದವರಿಗೆ ಇದು ಗೊತ್ತೈತಿ. ವರ್ಷಗಟ್ಲೆ ಮುಚ್ಚಿದ್ದ ಜ್ವಾಳದ ಹಗೇದ ಬಾಯಿ ತಗದ ಕೂಡ್ಲೆ ಯಾರೂ ಒಳಗ ಇಳಿಯೂದಿಲ್ಲ. ಕೆಟ್ಟ ಗಾಳಿ ಹೋಗಲಿ ಅಂತ ತಾಸಗಟ್ಲೆ ಬಿಡತಾರ, ಕಂದೀಲ ಇಳಿಬಿಟ್ಟು ನೋಡತಾರ. ಹಂಗ ಇದನ್ನೂ ಒಂದ ದಿನ ನೆಳ್ಳಾಗ ಗಾಳಿಗೆ ಇಟ್ವಿ. ಬಿಸಲಿಗೆ ಅಲ್ಲ ಮತ್ತ, ನೆಳ್ಳಿಗೆ. 2009ರ ಸೆಪ್ಟೆಂಬರ್ ಕಡೀಕ ಬೆಣ್ಣಿಹಳ್ಳ ಉಕ್ಕಿ ಬಂದಾಗ ನಮ್ಮ ಓಣ್ಯಾಗ ನೀರ ಹೊಕ್ಕಿದ್ದು ನಿಮಗೆಲ್ಲಾ ನೆನಪಿರಬೇಕು. ಟ್ರಂಕ ಅಟ್ಟದ ಮ್ಯಾಲಿದ್ದದ್ದಕ್ಕ ನೀರಾಗ ತೊಯ್ಯಲಿಲ್ಲ ಖರೆ, ಆದ್ರ ಯರಿ ಮಣ್ಣಿನ ಗ್ವಾಡಿ ತಿಂಗಳಗಟ್ಲೆ ತಂಪ ಹಿಡದಿದ್ವು. ಆ ತಂಪು ಟ್ರಂಕಿನಾಗಿನ ಕೌದಿಗೂ ಹತ್ತಿತ್ತು, ಕ್ಯಾಮೆರಾಕ್ಕ ಹತ್ತದ ಬಿಟ್ಟೀತೇನು?

ಮರುದಿನ ಬ್ಯಾಟರಿ ತಗದು ಚಾರ್ಜರಿಗೆ ಹಾಕಿದ್ವಿ. ದೀಪ ಪಕಪಕ ಅಂತು, ಹತ್ತಲಿಲ್ಲ. ಲಿಥಿಯಮ್ ಬ್ಯಾಟರಿ ಸುದ್ದಿ ಹೇಳಬೇಕಂದ್ರ, ಅದು ಅಂಗಡಿಗೆ ಬಂದದ್ದ 1991ರಾಗ. ಅದನ್ನ ಕಂಡ ಹಿಡದ ಮೂರು ಮಂದಿಗೆ 2019ರಾಗ ನೊಬೆಲ್ ಕೊಟ್ರು. ತುಂಬಿದಾಗ ಅದು 4.2 ವೋಲ್ಟ ಇರತೈತಿ. ನಾವು ವಾಪರಸದ ಇಟ್ರೂ ಒಳಗಿಂದೊಳಗ ಚೂರಚೂರ ಸೋರತೈತಿ. ಸುಮಾರು 2.5 ವೋಲ್ಟಿಗೆ ಇಳದ್ರ ಅದರೊಳಗಿನ ಕಾವಲ ಸರ್ಕೀಟು "ಇನ್ನ ಸಾಕು" ಅಂತ ಬಾಗಲ ಹಾಕಿಬಿಡತೈತಿ. ಹಂಗ ಬಾಗಲ ಹಾಕಿದ್ದನ್ನ ಜುಲ್ಮಿಲೆ ಚಾರ್ಜ ಮಾಡಾಕ ಹೋಗಬಾರದು. ಉಬ್ಬಿದ್ದಂತೂ ಮುಟ್ಟೂದ ಬ್ಯಾಡ, ಬೆಂಕಿ ಹತ್ತಬಹುದು. ನಮ್ಮ ಬ್ಯಾಟರಿ ಹೊಟ್ಟಿ ಚೂರ ಉಬ್ಬಿತ್ತು. ಹುಬ್ಬಳ್ಳಿ ಕೊಪ್ಪಿಕರ್ ರಸ್ತೆದಾಗ ತಿರಗಾಡಿ ಅದೇ ನಂಬರಿಂದು ಬ್ಯಾರೇದ್ದು ತಂದ್ವಿ. ಒಬ್ಬ ಅಂಗಡ್ಯಾಂವ "ಇದನ್ನ ಕಸಕ್ಕ ಹಾಕ್ರಿ ಅಕ್ಕಾರ, ಮೊಬೈಲ್ ಐತೆಲ್ಲ" ಅಂದ. ನಾ ಏನೂ ಅನ್ನಲಿಲ್ಲ.

ಹೊಸಾ ಬ್ಯಾಟರಿ ಹಾಕಿ ಒತ್ತಿದ್ರ ಸಣ್ಣ ಹಸರ ದೀಪ ಹತ್ತಿತು, ಲೆನ್ಸು ಗರ್‍ ಅಂತ ಹೊರಗ ಬಂತು. ಎಲ್ಲಾರೂ ಚಪ್ಪಾಳಿ ಹೊಡದ್ವಿ. ಆದ್ರ ಹಿಂದಿನ ಪರದಿ ಮಾತ್ರ ಕಾಡಗಿ ಬಳದಂಗ ಕರ್ರಗ.

ಇಲ್ಲಿ ನಿಮಗ ಸ್ವಲ್ಪ ಹಿಂದಿನ ಕಥಿ ಹೇಳಬೇಕು.

ನಮ್ಮ ಸೀಮಿಗೆ ಕ್ಯಾಮೆರಾ ಬಂದದ್ದು ಮನಿ ಮಂದಿ ಸಲುವಾಗಿ ಅಲ್ಲ, ಗುಡಿಗಳ ಸಲುವಾಗಿ. ಫ್ರಾನ್ಸಿನಾಗ 1839ರಾಗ ಫೋಟೊ ತಗಿಯೂ ವಿದ್ಯಾ ಜಗತ್ತಿಗೆ ಗೊತ್ತಾತು. ಮುಂದ ಇಪ್ಪತ್ತ ವರ್ಷದೊಳಗ ಬಿಗ್ಸ್, ಪಿಗೌ ಅನ್ನೂ ಇಂಗ್ಲೀಷರು ಮುಂಬೈ ಸರ್ಕಾರದ ಪರವಾಗಿ ಧಾರವಾಡ ಸೀಮ್ಯಾಗ ತಿರಗ್ಯಾಡಿ ಹಳೇ ಗುಡಿಗಳ ಫೋಟೊ ತಗದ್ರು. ಅವು 1866ರಾಗ ಲಂಡನ್ನಿನಾಗ ದೊಡ್ಡ ಪುಸ್ತಕಾಗಿ ಬಂದ್ವು, ಅದಕ್ಕ ಇತಿಹಾಸ ಬರದಾಂವ ಮೆಡೋಸ್ ಟೇಲರ್. ಕಲ್ಲಿನ ಕಂಬ ಅಳ್ಳಾಡೂದಿಲ್ಲ, ಅದಕ್ಕ ಆ ಕಾಲದ ಕ್ಯಾಮೆರಾಕ್ಕ ಅವ ಬರೋಬ್ಬರಿ. ತೊಟ್ಟಿಲದಾಗಿನ ಕೂಸನ್ನ ಅಳ್ಳಾಡದಂಗ ಹಿಡಿಯಾಕ ಯಾರಿಂದಾಗತಿತ್ತು?

ಮನಿಮಂದಿ ಫೋಟೊ ಅಂದ್ರ ಆಮ್ಯಾಲ ಬಂದ ಸ್ಟುಡಿಯೊ ಕಾಲ. ನಮ್ಮ ಅಪ್ಪ-ಅವ್ವನ ಮದವಿ ಫೋಟೊ ಹುಬ್ಬಳ್ಳ್ಯಾಗ ತಗಸಿದ್ದು, ಇಬ್ಬರೂ ಪೋಲೀಸ ಸ್ಟೇಶನ್ನಿನಾಗ ಕುಂತಂಗ ಕುಂತಾರ. ಕಾಕಾನ ಹಂತ್ಯಾಕ ಆಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಇತ್ತು, ಒಂದ ರೀಲಿಗೆ ಹನ್ನೆರಡ ಫೋಟೊ. ಹನ್ನೆರಡರಾಗ ಕಾಕಾನ ಎತ್ತುಗಳದ್ದ ಐದು! ಆಮ್ಯಾಲ 36ರ ಕಲರ್ ರೀಲು ಬಂತು. ಅದರಾಗೂ ಲೆಕ್ಕ ಹಾಕಿ ತಗಿತಿದ್ರು, ಗಂಡಿನ ಕಡ್ಯಾವರಿಗೆ ಎಷ್ಟು, ಹೆಣ್ಣಿನ ಕಡ್ಯಾವರಿಗೆ ಎಷ್ಟು ಅಂತ. ಅಡಗಿಮನ್ಯಾಗ ರೊಟ್ಟಿ ಬಡಿಯಾವರಿಗೆ ಆ 36ರಾಗ ಒಂದೂ ಬರತಿರಲಿಲ್ಲ. ಹಳೇ ಆಲ್ಬಮ್ ತಗದು ನೋಡ್ರಿ ಬೇಕಾದ್ರ, ನಮ್ಮ ಅಜ್ಜಿ ಯಾವುದರಾಗೂ ಪೂರಾ ಇಲ್ಲ. ಎಲ್ಲೋ ಬಾಗಲ ಸಂದ್ಯಾಗ ಸೆರಗು ಕಾಣತೈತಿ, ಅಷ್ಟ.

ರೀಲ ಇಲ್ಲದ ಕ್ಯಾಮೆರಾ ಹುಟ್ಟಿದ್ದು ಅಮೆರಿಕಾದಾಗ 1975ಕ್ಕ. ಕೊಡ್ಯಾಕ್ ಕಂಪನಿಯ ಸ್ಟೀವನ್ ಸ್ಯಾಸನ್ ಅನ್ನೂ ಹುಡುಗ ಎಂಜಿನಿಯರ್ ಮಾಡಿದ್ದು, ಸುಮಾರು ಮೂರೂವರಿ ಕಿಲೊ ತೂಕ. ಒಂದ ಫೋಟೊ ಕ್ಯಾಸೆಟ್ಟಿನಾಗ ಬರಕೊಳ್ಳಾಕ 23 ಸೆಕೆಂಡು, ಅದೂ ಬಿಳಿ-ಕರಿ. ಆ ಕ್ಯಾಮೆರಾಕ್ಕ ಪರದಿನ ಇರಲಿಲ್ಲ! ಫೋಟೊ ನೋಡಬೇಕಂದ್ರ ಟೀವಿಗೆ ಜೋಡಸಬೇಕಿತ್ತು. ಈ ಮಾತ ನೆನಪಿಟ್ಟಕೊಳ್ರಿ, ಮುಂದ ಬರತೈತಿ. ಬೆಳಕನ್ನ ಹಿಡಿಯೂ ಸೀಸಿಡಿ ಅನ್ನೂ ಚಿಪ್ಪನ್ನ ಅದಕ್ಕೂ ಮೊದಲ, 1969ರಾಗ, ಬಾಯ್ಲ್ ಮತ್ತ ಸ್ಮಿತ್ ಅನ್ನಾವರು ಮಾಡಿದ್ರು. ಅವರಿಗೆ ನೊಬೆಲ್ ಕೊಟ್ಟ ಸುದ್ದಿ ಬಂದದ್ದು 2009ರ ಅಕ್ಟೋಬರದಾಗ. ಆ ತಿಂಗಳ ನಾವು ಗುಳೇ ಹೊಂಟಾವರಂಗ ಮನಿ ಸಾಮಾನ ಹೊರಗ ಹರವಿಕೊಂಡು ಕುಂತಿದ್ವಿ, ಪೇಪರ್ ಓದಾವರ್‍ಯಾರು!

ಬೆನ್ನಿನ ಮ್ಯಾಲ ಬಣ್ಣದ ಪರದಿ ಇಟ್ಟು ಮಂದಿಗೆ ಮಾರಿದ್ದು ಜಪಾನಿನ ಕ್ಯಾಸಿಯೊದವರು. 1995ರಾಗ ಬಂದ ಅವರ ಕ್ಯೂವಿ-10ಕ್ಕ 1.8 ಇಂಚಿನ ಪರದಿ. ಅಂಗೈಯಾಗ ಹಿಡದ ಅಡಕಿ ಡಬ್ಬಿ ಮುಚ್ಚಳದಷ್ಟು. ಫೋಟೊ ಏನ ಚಲೋ ಬರತಿರಲಿಲ್ಲ, ಆದ್ರ ತಗದ ಕೂಡ್ಲೆ ಕಾಣತಿತ್ತು. ಇದ ನೋಡ್ರಿ ಎಲ್ಲಾನೂ ಬದಲ ಮಾಡಿದ್ದು. ನನ್ನ ಮಗಳ ತೊಟ್ಟಿಲದಾಗ ಅವ್ವ ತನ್ನ ಫೋಟೊ ಆ ಪರದ್ಯಾಗ ನೋಡಿ, "ಅಯ್ಯ, ಸೆರಗ ಸರಿ ಇಲ್ಲ, ಮತ್ತೊಮ್ಮೆ ತಗಿಯೋ" ಅಂದಿದ್ಲು. ಹೆಣಮಕ್ಕಳು ತಮ್ಮ ಫೋಟೊ ತಾವ ನೋಡಿ ಬ್ಯಾಡ ಅನ್ನೂ ಹಕ್ಕು ಆ ಸಣ್ಣ ಪರದಿಯಿಂದ ಬಂತು ಅಂತ ನನಗ ಅನಸತೈತಿ. ಸ್ಟುಡಿಯೊದಾಂವ ಎಂದರ ಕೇಳಿದ್ನೇನ?

ಆ ಪರದಿ ಒಳಗ ಇರೂದು ದ್ರವಸ್ಫಟಿಕ. ಹೆಸರು ದೊಡ್ಡದು, ಹುಟ್ಟಿದ್ದು ಗಜ್ಜರಿಯಿಂದ! 1888ರಾಗ ಪ್ರಾಗ್ ಊರಾಗ ರೈನಿಟ್ಸರ್ ಅನ್ನೂ ಸಸ್ಯಶಾಸ್ತ್ರದಾಂವ ಗಜ್ಜರಿಯಿಂದ ತಗದ ಒಂದ ಪದಾರ್ಥ ಕಾಸಾಕ ಹತ್ತಿದ್ದ. 145.5 ಡಿಗ್ರಿಗೆ ಅದು ಕರಗಿ ಮಬ್ಬ ನೀರಾತು, 178.5ಕ್ಕ ಮತ್ತೊಮ್ಮೆ ತಿಳಿಯಾತು. ಎರಡ ಸಲ ಕರಗೂ ಪದಾರ್ಥ ಎಲ್ಲಿದ್ದೀತು? ಬೆಲ್ಲದ ಪಾಕ ಹಿಡಿಯಾವರಿಗೆ ಆಶ್ಚರ್ಯ ಅನಸಲಿಕ್ಕಿಲ್ಲ, ಎಳಿ ಪಾಕ, ಉಂಡಿ ಪಾಕ ಅಂತ ನಮ್ಮಲ್ಲೂ ನಡುವಿನ ಸ್ಥಿತಿ ಅದಾವು. ಆದ್ರ ವಿಜ್ಞಾನದವರಿಗೆ ಅದು ಹೊಸಾದು. ನೀರಿನಂಗ ಹರಿತೈತಿ, ಹರಳಿನಂಗ ಸಾಲ ಹಿಡೀತೈತಿ. ಸಣ್ಣ ಕರೆಂಟ ಕೊಟ್ರ ಆ ಸಾಲು ತಿರಗತೈತಿ, ಬೆಳಕನ್ನ ಬಿಡತೈತಿ ಇಲ್ಲಾ ತಡೀತೈತಿ. ಅದನ್ನ ಬಳಸಿ ಪರದಿ ಮಾಡಬಹುದು ಅಂತ ಅಮೆರಿಕಾದವರು 1968ರಾಗ ಜಾಹೀರ ಮಾಡಿದ್ರು.

ಇದರಾಗ ನಮ್ಮ ಕನ್ನಡನಾಡಿನ ಪಾಲೂ ಐತಿ, ಬೆಂಗಳೂರಾಗಿದ್ದ ನನ್ನ ತಮ್ಮಗೂ ಅದು ಗೊತ್ತಿರಲಿಲ್ಲ. ಸರ್ ಸಿ. ವಿ. ರಾಮನ್ ಅವರ ಸೋದರಳಿಯ ಎಸ್. ಚಂದ್ರಶೇಖರ್ ಅಂತ ಇದ್ರು. ನಕ್ಷತ್ರದ ಲೆಕ್ಕಕ್ಕ ನೊಬೆಲ್ ಬಂದ ಚಂದ್ರಶೇಖರ್ ಬ್ಯಾರೆ, ಇವರ ಬ್ಯಾರೆ. ಮೊದಲ ಮೈಸೂರು ವಿಶ್ವವಿದ್ಯಾಲಯದಾಗ ಭೌತಶಾಸ್ತ್ರ ಕಲಿಸಿದ್ರು, ಆಮ್ಯಾಲ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ್ರು. ಅಲ್ಲೀ ತನಕ ದ್ರವಸ್ಫಟಿಕದ ಅಣು ಅಂದ್ರ ಕಡ್ಡಿಯಂಗ ಉದ್ದ ಇರತಾವು ಅಂತ ತಿಳದಿದ್ರು. ಇವರು ಸದಾಶಿವ, ಸುರೇಶ್ ಅನ್ನಾವರ ಜೋಡಿ ಸೇರಿ 1977ರಾಗ ತಾಟಿನಂಥಾ ಚಪ್ಪಟಿ ಅಣುಗಳೂ ಒಂದರ ಮ್ಯಾಲೊಂದು ರೊಟ್ಟಿ ಒಟ್ಟಿದಂಗ ನಿಂತು ದ್ರವಸ್ಫಟಿಕ ಆಗತಾವು ಅಂತ ತೋರಿಸಿದ್ರು. ಮುಂದ ಜಪಾನಿನವರು ಅಂಥಾ ತಾಟಿನ ಅಣುಗಳ ತೆಳ್ಳನ್ನ ಪದರ ಹಚ್ಚಿ, ಬಾಜೂಕಿಂದ ನೋಡಿದ್ರೂ ಚಿತ್ರ ಕಾಣೂವಂಥಾ ಪರದಿ ಮಾಡಿದ್ರು. 1991ರಾಗ ಬೆಂಗಳೂರಿನ ಜಾಲಹಳ್ಳ್ಯಾಗ ಚಂದ್ರಶೇಖರ್ ಅವರು ದ್ರವಸ್ಫಟಿಕದ್ದ ಒಂದ ಸಂಶೋಧನಾ ಕೇಂದ್ರ ಕಟ್ಟಿದ್ರು. 2004ರಾಗ ತೀರಿಕೊಂಡ್ರು.

ಇಷ್ಟ ಯಾಕ ಹೇಳಿದ್ನಿ ಅಂದ್ರ, ದ್ರವಸ್ಫಟಿಕಕ್ಕ ಸ್ವಂತ ಬೆಳಕಿಲ್ಲ. ಅದು ಕಿಟಕಿ ಪಡದೆ ಇದ್ದಂಗ, ದೀಪ ಹಿಂದ ಇರಬೇಕು. ಮೊದಲಿನ ಪರದಿಗಳಿಗೆ ಸಣ್ಣ ಟ್ಯೂಬಲೈಟ, ಆಮೇಲಿನವಕ್ಕ ಎಲ್ಇಡಿ. ಅದಕ್ಕ ಪರದಿ ಕರ್ರಗಾತು ಅಂದ್ರ ಯಾವುದು ಹೋಗೇತಿ ಅಂತ ಬ್ಯಾರೆ ಬ್ಯಾರೆ ಮಾಡಿ ನೋಡಬೇಕು.

ಮೊದಲ ನೋಡಿದ್ದು ಡಿಸ್ಪ್ಲೇ ಬಟನ್. ನಗಬ್ಯಾಡ್ರಿ. ಬ್ಯಾಟರಿ ಉಳೀಲಿ ಅಂತ ಪರದಿ ಬಂದ್ ಮಾಡಾಕ ಭಾಳ ಕ್ಯಾಮೆರಾಕ್ಕ ಒಂದ ಬಟನ್ ಇರತೈತಿ, ಅದನ್ನ ಒತ್ತಿಟ್ಟು ಮರತಿರತೀವಿ. ನಮ್ಮ ದೊಡ್ಡ ವೈನಿ ಕ್ಯಾಮೆರಾದ ಇಡೀ ರೋಗ ಅದ ಆಗಿತ್ತು, ಎರಡ ವರ್ಷ ಕೆಟ್ಟೈತಿ ಅಂತ ಇಟ್ಟಿದ್ಲು! ನಮ್ಮದಕ್ಕ ಅದರಿಂದ ಏನೂ ಆಗಲಿಲ್ಲ.

ಆಮ್ಯಾಲ ರಾತ್ರಿ ಲೈಟ ಆರಿಸಿ ಮೊಬೈಲ್ ಟಾರ್ಚ ಓರಿಯಾಗಿ ಪರದಿ ಮ್ಯಾಲ ಬಿಟ್ವಿ. ಒಳಗಿನ ದೀಪ ಅಷ್ಟ ಸತ್ತಿದ್ರ ಮಸಕ ಮಸಕ ಆದ್ರೂ ಚಿತ್ರ ಕಾಣಬೇಕು. ಏನೂ ಕಾಣಲಿಲ್ಲ. ಅಂದ್ರ ದೀಪ ಅಷ್ಟ ಅಲ್ಲ, ಪರದಿಗೆ ಸುದ್ದಿನ ಮುಟ್ಟವಲ್ದು. ಪರದಿಗೂ ಒಳಗಿನ ಬೋರ್ಡಿಗೂ ನಡುವ ಕಾಗದದಷ್ಟ ತೆಳ್ಳನ್ನ ಪಟ್ಟಿ ವೈರ್ ಇರತೈತಿ, ಅದರ ತುದಿಗೆ ತಂಪ ಹತ್ತಿ ಮಾಸಿದ್ರ ಹಿಂಗಾಗತೈತಿ. ಇಲ್ಲಾ ಕ್ಯಾಮೆರಾನ ಒಳಗ ಸತ್ತಿರಬೇಕು. ಯಾವುದು ಅಂತ ಗೊತ್ತಾಗೂದು ಹೆಂಗ?

2005ರಾಗ ಜಗತ್ತಿನಾಗ ಇಂಥಾದ್ದ ಒಂದ ದೊಡ್ಡ ಗದ್ದಲ ಆಗಿತ್ತು. ಸೋನಿ ಮಾಡಿದ್ದ ಕೆಲವು ಸೀಸಿಡಿ ಚಿಪ್ಪು ಸೆಕಿ ಮತ್ತ ತಂಪಿನ್ಯಾಗ ಒಳಗಿನ ಸಣ್ಣ ತಂತಿ ಬಿಟ್ಟು, ಫೋಟೊ ಕರ್ರಗ ಇಲ್ಲಾ ಸೊಟ್ಟ ಬರಾಕ ಹತ್ತಿದ್ವು. ಕ್ಯಾನನ್, ನಿಕಾನ್, ಫ್ಯೂಜಿ ಹಿಂಗ ಭಾಳ ಕಂಪನಿಯವರು ಅವನ್ನ ಪುಕ್ಕಟೆ ರಿಪೇರಿ ಮಾಡಿಕೊಟ್ರು. ನಮ್ಮದು ಆ ಸಾಲಿಂದಲ್ಲ, ಅದರ ಆಮೇಲಿಂದು. ಆದ್ರ ಅಂಥಾ ರೋಗದಾಗ ಪರದ್ಯಾಗಿನ ಅಕ್ಷರ, ಹಳೇ ಫೋಟೊ ಕಾಣತಾವು, ಹೊಸಾ ಫೋಟೊ ಅಷ್ಟ ಕರ್ರಗ. ನಮ್ಮದರಾಗ ಅಕ್ಷರನೂ ಇಲ್ಲ.

ಈ ಹೊತ್ತಿಗೆ ತಮ್ಮನ ಮಗ ಕತ್ತಲಾಗ ಬಟನ್ ಒತ್ತಿ ಒತ್ತಿ ನೋಡಾಕ ಹತ್ತಿದ್ದ. ನನ್ನ ಜೀವ ಬಾಯಿಗೆ ಬಂತು. ಪರದಿ ಕಾಣದಿದ್ದಾಗ ಹಂಗ ಎಂದೂ ಮಾಡಬ್ಯಾಡ್ರಿ. ಒಂದ ಬಟನ್ನಿಗೆ ಅಳಸೂ ಚಿತ್ರ ಇರತೈತಿ, ಮೆನ್ಯುದಾಗ ಎಲ್ಲಾ ಒರಿಸಿ ಹಾಕೂದೂ ಇರತೈತಿ. ಕಣ್ಣ ಕಟ್ಟಿಕೊಂಡು "ಹೌದು" ಅಂತ ಒತ್ತಿದ್ರ ಇದ್ದದ್ದೂ ಹೋದೀತು. ಹುಡುಗಗ ಬೈದು ಕ್ಯಾಮೆರಾ ಬಂದ್ ಮಾಡಿದ್ನಿ. ಅಂವ ಸಿಟ್ಟಾಗಿ ಉಣ್ಣದ ಮಲಗಿದ.

ಮರುದಿನ ಟ್ರಂಕಿನ ಬುಡಕ ಹಳದಿ ಮತ್ತ ಬಿಳಿ ತುದಿ ವೈರ್ ಸಿಕ್ತು. ಟೀವಿ ವೈರ್! ಪಡಸಾಲ್ಯಾಗಿನ ಹೊಸಾ ಟೀವಿಗೂ ಹಿಂದ ಹಳದಿ ಬಣ್ಣದ ತೂತು ಇತ್ತು. 1975ರಾಗ ಸ್ಯಾಸನ್ ಮಾಡಿದ್ದನ್ನ ನಾವೂ ಮಾಡಿದ್ವಿ. ಕ್ಯಾಮೆರಾ ಚಾಲೂ ಮಾಡಿದ ಕೂಡ್ಲೆ ಟೀವ್ಯಾಗ ಕಂಡದ್ದು ತಾರೀಖ ಹಾಕ್ರಿ ಅನ್ನೂ ಮಾತು. ಗಡಿಯಾರ ನಡಸಾಕ ಒಳಗ ಮತ್ತೊಂದು ಸಣ್ಣ ಬ್ಯಾಟರಿ ಇರತೈತಿ, ಅದೂ ಖಾಲಿ ಆಗಿ ಕ್ಯಾಮೆರಾ ತಾ ಯಾವ ಕಾಲದಾಗ ಇದ್ದೀನಿ ಅಂತ ಮರತಿತ್ತು. ಅಂದ್ರ ರಾತ್ರೆಲ್ಲಾ ಹುಡುಗ ಒತ್ತಿದ್ದು ಬರೇ ತಾರೀಖಿನ ಅಂಕಿಗಳನ್ನ! ನಾ ಬೈದದ್ದು ಜರಾ ಹೆಚ್ಚಾತು ಅನಸಿ ಅವಗ ಶೇಂಗಾ ಹೋಳಿಗಿ ಕೊಟ್ನಿ.

ತಾರೀಖ ಹಾಕಿ, ಫೋಟೊ ನೋಡೂ ಬಟನ್ ಒತ್ತಿದ್ವಿ. ಕಾರ್ಡ ಇಲ್ಲದ್ದಕ್ಕ ಕ್ಯಾಮೆರಾದ ಸ್ವಂತ ಹೊಟ್ಟ್ಯಾಗ ಇದ್ದದ್ದು ತೋರಿಸ್ತು. ಹನ್ನೊಂದ ಫೋಟೊ, ಒಂದ ವಿಡಿಯೊ.

ತಮ್ಮಗ ಫೋನ ಹಚ್ಚಿ ಕೇಳಿದಾಗ ತಿಳೀತು. ಆವತ್ತ ಮುಂಜಾನೆ ಕಾರ್ಡನ್ನ ಫೋಟೊ ತೊಳಸಾಕ ಅಣ್ಣಿಗೇರಿ ಸ್ಟುಡಿಯೊಕ್ಕ ಕೊಟ್ಟಿದ್ನಂತ. ಕಾರ್ಡ ಇಲ್ಲದ ತಗದದ್ದೆಲ್ಲಾ ಒಳಗಿನ ಸಣ್ಣ ಮೆಮೊರ್‍ಯಾಗ ಕುಂತಿತ್ತು. ಕಾರ್ಡ ತಿರಗಿ ಹಾಕಿದ ಮ್ಯಾಲ ಕ್ಯಾಮೆರಾ ಕಾರ್ಡಿಂದಷ್ಟ ತೋರಸತೈತಿ, ಒಳಗಿಂದು ಕಾಣೂದಿಲ್ಲ. ಅದಕ್ಕ ಐದಾರ ವರ್ಷ ವಾಪರಿಸಿದ್ರೂ ಯಾರಿಗೂ ಗೊತ್ತಾಗಲಿಲ್ಲ. ಆ ಹೊತ್ತಿಗೆ ಮನಿಗೊಂದು ಮೊಬೈಲ್ ಬಂತು, ಕ್ಯಾಮೆರಾ ಟ್ರಂಕ ಸೇರ್‍ತು. ನಮ್ಮ ಮನ್ಯಾಗಷ್ಟ ಅಲ್ಲ, ಜಗತ್ತಿನ್ಯಾಗ 2010ರಾಗ 12 ಕೋಟಿ ದಾಟಿ ಮಾರಿದ್ದ ಡಿಜಿಟಲ್ ಕ್ಯಾಮೆರಾ 2020ಕ್ಕ ಒಂದ ಕೋಟಿಗಿಂತ ಕೆಳಗ ಇಳದಿದ್ವು. ಮೊದಲ ಅದನ್ನ ಮಾಡಿದ ಕೊಡ್ಯಾಕ್ ಕಂಪನಿನ 2012ರಾಗ ದಿವಾಳಿ ಅರ್ಜಿ ಹಾಕ್ತು.

ವಿಡಿಯೊ ಹಚ್ಚೂ ಮೊದಲ ಅಕ್ಕನ್ನ ಕರದ್ವಿ, ಬಾಣಂತಿನ್ನೂ ಹೊರಗ ಕುಂಡ್ರಿಸಿದ್ವಿ. ಟೀವ್ಯಾಗ ಚಿತ್ರ ಮಸಕ ಇತ್ತು. ಇದೇ ಕಲಘಟಗಿ ತೊಟ್ಟಿಲ, ಅರಗಿನ ಬಣ್ಣದಾಗ ಬರದ ರಾಮಾಯಣದ ಚಿತ್ರ ಹೊಳ್ಯಾಕ ಹತ್ತಿದ್ವು, ಆ ಬಣ್ಣ ಈಗೂ ಹಂಗ ಅದಾವು. ತೊಟ್ಟಿಲದ ಹಗ್ಗ ಹಿಡದು ಅವ್ವ ಹಾಡತಾಳ. ನಡುವ ಒಮ್ಮೆ ಕೆಮ್ಮಿ, ಸೆರಗ ಬಾಯಿಗೆ ಹಿಡದು ಮತ್ತ ಹಾಡತಾಳ. ಹಿಂದ ಯಾರೋ "ಚಾ ಆರಾಕ ಹತ್ತೇತಿ" ಅಂತಾರ, ಅದು ನಾನ ಅಂತ ಕಾಣತೈತಿ. 22 ಸೆಕೆಂಡಿಗೆ ಮೆಮೊರಿ ತುಂಬಿ, ಸಾಲಿನ ನಡುವ, ಬಂದಾತು.

ನಮ್ಮ ಕುಂದಗೋಳದ ಸವಾಯಿ ಗಂಧರ್ವರ ದನಿ ಗ್ರಾಮಫೋನ್ ತಟ್ಟಿನಾಗ ಉಳಿದೈತಿ. ಅವರ ಶಿಷ್ಯೆ ಗಂಗೂಬಾಯಿ ಹಾನಗಲ್ ಅವರಂತೂ 1930ರ ದಶಕದಾಗ ಹಾಡಿದ್ದೂ ಕೇಳಾಕ ಸಿಗತೈತಿ. ನಾಡಗೇರ ವಾಡೆ ಮುಂದ ಹಾದ ಹೋಗೂ ಮುಂದ ನಾ ಇದನ್ನ ವಿಚಾರ ಮಾಡತಿದ್ನಿ. ಮನ್ಯಾಗ ಹಾಡಾವರ ದನಿ ಯಾರ ಹಿಡದಿಟ್ರು? ಅಕ್ಕ ಅಳಾಕ ಹತ್ತಿದ್ಲು. ಬಾಣಂತಿ ಮುಂದ ಅಳಬಾರದು ಅಂತ ನಾನ ಆಕಿನ್ನ ಒಳಗ ಕರಕೊಂಡ ಹೋದ್ನಿ, ಒಳಗ ಹೋಗಿ ಇಬ್ಬರೂ ಅತ್ವಿ.

ಅದನ್ನ ಹೊರಗ ತಗಿಯೂದ ಮತ್ತೊಂದ ಪಂಚಾಯ್ತಿ ಆತು. ಮೊಬೈಲಿನ ದೊಡ್ಡ ಕಾರ್ಡ ಹಾಕಿದ್ರ ಕ್ಯಾಮೆರಾ ತಗೊಳ್ಳಲಿಲ್ಲ. ಹಳೇ ಎಸ್‍ಡಿ ಕಾರ್ಡಿನ ಕಾಯದೆ 2 ಜಿಬಿ ತನಕ ಅಷ್ಟ, ಅದಕ್ಕಿಂತ ದೊಡ್ಡದರ ಕಾಯದೆ 2006ರಾಗ ಬಂದದ್ದು. ನಮ್ಮ ಕ್ಯಾಮೆರಾಕ್ಕ ಅದರ ಭಾಷಾ ತಿಳಿಯೂದಿಲ್ಲ. ಕಡೀಕ ಸಣ್ಣ ವೈನಿಯ ಹಳೇ ಕೀಪ್ಯಾಡ್ ಮೊಬೈಲಿನಾಗ 1 ಜಿಬಿ ಕಾರ್ಡ ಸಿಕ್ತು. ಟೀವಿ ನೋಡಕೋತ ಮೆನ್ಯುದಾಗ ನಕಲು ಮಾಡೂದನ್ನ ಹುಡುಕಿ ಒಳಗಿಂದನ್ನ ಕಾರ್ಡಿಗೆ ಇಳಿಸಿದ್ವಿ, ಅಲ್ಲಿಂದ ಮೂರ ಮನಿ ಕಂಪ್ಯೂಟರಿಗೆ ಹಾಕಿ ಇಟ್ವಿ.

ಪರದಿ ಇವತ್ತಿಗೂ ಕರ್ರಗ ಐತಿ. ತಗಡ ಬಿಚ್ಚಿ ಪಟ್ಟಿ ವೈರ್ ಒತ್ತಿದ್ರ ಹತ್ತೀತು ಅಂತ ತಮ್ಮ ಅಂದ, ನಾ ಬ್ಯಾಡ ಅಂದ್ನಿ. ಫ್ಲಾಶಿನ ಸಲುವಾಗಿ ಒಳಗ ಒಂದ ಕೆಪಾಸಿಟರ್ ಇರತೈತಿ, ಬ್ಯಾಟರಿ ತಗದ ಮ್ಯಾಲೂ ಅದರಾಗ ಸುಮಾರು 300 ವೋಲ್ಟ ನಿಂತಿರಬಹುದು, ಮನ್ಯಾಗ ಚೂರಿ-ಚಮಚೆ ಹಾಕಿ ಬಿಚ್ಚೂ ಸಾಮಾನಲ್ಲ ಅದು. ಕೆಲವರು ಅಕ್ಕಿ ಡಬ್ಬ್ಯಾಗ ಹುಗದ ಇಡ್ರಿ ಅಂತಾರ. ಅಕ್ಕಿ ಧೂಳಿ ಲೆನ್ಸಿನ ಸಂದ್ಯಾಗ ಹೊಕ್ರ ಇನ್ನೊಂದ ರೋಗ. ಔಷಧ ಬಾಟಲಿ, ಚಪ್ಪಲಿ ಡಬ್ಬ್ಯಾಗ ಬರೂ ಸಿಲಿಕಾ ಪುಡಿ ಪೊಟ್ಟಣ ಹಾಕಿ, ಬ್ಯಾಟರಿ ಹೊರಗ ತಗದು, ಅರ್ಧ ಚಾರ್ಜ ಮಾಡಿ, ಗಾಳಿ ಹೋಗದ ಡಬ್ಬ್ಯಾಗ ಇಟ್ಟೀನಿ. ಆರ ತಿಂಗಳಿಗೊಮ್ಮೆ ತಗದ ಹಚ್ಚಿ ನೋಡಬೇಕು. ಸಣ್ಣ ಸೆಲ್ಲಿನ ಕ್ಯಾಮೆರಾ ಇದ್ದಾವರು ಈಗ ಹೋಗಿ ಸೆಲ್ಲ ತಗೀರಿ, ಸೋರಿ ಬಿಳಿ ಪುಡಿ ಕಟ್ಟಿದ್ರ ಹತ್ತ್ಯಾಗ ಚೂರ ನಿಂಬಿಹುಳಿ ಹಚ್ಚಿ ಒರಿಸಿ, ಪೂರಾ ಒಣಗಿದ ಮ್ಯಾಲ ಹೊಸಾ ಸೆಲ್ಲ ಹಾಕ್ರಿ.

ತೊಟ್ಟಿಲ ಕಾರ್ಯೆ ಮುಂದಿನ ಗುರುವಾರ. ಅವ್ವ ನಿಲ್ಲಿಸಿದ ಸಾಲಿನ ಮುಂದಿಂದು ನಮಗ ಯಾರಿಗೂ ಬರೂದಿಲ್ಲ. ಹಿರೇ ಅತ್ತಿಗೆ ಬರತೈತಿ ಅಂತ ಕೇಳೀನಿ. ಅತ್ತೀ, ಇದನ್ನ ನಿಮಗ ಮೊಮ್ಮಕ್ಕಳು ಓದಿ ಹೇಳತಾರ, ಬುಧವಾರನ ಬಂದಬಿಡ್ರಿ. ನಾ ನೋಟಬುಕ್ಕೂ ತಂದಿರತೀನಿ, ಮೊಬೈಲೂ ಚಾರ್ಜ ಮಾಡಿ ಇಟ್ಟಿರತೀನಿ.